ಎಬ್ಬಿಸುವವಳು ಮತ್ತು ಅವಳ ಇಬ್ಬರು ಅತ್ತೆಯರು

ಆ ಊರಿಗೆ ಹೆಸರಿರಲಿಲ್ಲ. ಹೆಸರಿಡೋಣವೆಂದು ಸಭೆ ಸೇರಿದಾಗಲೆಲ್ಲ ಜಗಳವಾಗಿ, ಜನ ತಂತಮ್ಮ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಿದ್ದರು. ಊರ ನಡುವೆ ಚಾವಡಿ, ಚಾವಡಿಯ ನಡುವೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಒಂದು ಕಂಪ್ಯೂಟರ್. ಎಲ್ಲರೂ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಊರಿಗೆ ಇದ್ದದ್ದು ಒಂದೇ ಕಟ್ಟಳೆ: ಪೆಟ್ಟಿಗೆ ಎದ್ದ ಹಾಗೆ ಊರು ಏಳಬೇಕು.

ಪೆಟ್ಟಿಗೆ ಏಳುವ ತನಕ ಯಾರೂ ಏಳುವಂತಿರಲಿಲ್ಲ. ಸೂರ್ಯ ಬಂದರೂ ಸರಿ, ಹೊಟ್ಟೆ ಕೂಗಿದರೂ ಸರಿ, ಜನ ಚಾಪೆಯ ಮೇಲೆ ಒಂದು ಕಣ್ಣು ತೆರೆದುಕೊಂಡು ಬಿದ್ದಿರುತ್ತಿದ್ದರು. ಹುಂಜ ಕೊಕ್ಕು ತೆರೆದು ಕಾಯುತ್ತಿತ್ತು. ಮೊದಲು ಏಳುವ ಹಕ್ಕು ಒಬ್ಬಳಿಗೆ ಮಾತ್ರ. ಅವಳನ್ನು ಎಬ್ಬಿಸುವವಳು ಎಂದೇ ಕರೆಯುತ್ತಿದ್ದರು. ಅವಳು ಚಾವಡಿ ಗುಡಿಸಿ, ಪೆಟ್ಟಿಗೆಯ ದೂಳು ಒರೆಸಿ, ಗುಂಡಿ ಒತ್ತಿ, ಅದು ಗುರ್ರೆನ್ನುವುದನ್ನು ಕೇಳಿಸಿಕೊಂಡು, ಹೊರಗೆ ಬಂದು "ಎದ್ದಿತು, ಏಳಿ" ಎಂದು ಕೂಗುತ್ತಿದ್ದಳು. ಹುಂಜ ಕೂಗುವುದು ಆಮೇಲೆ.

ಪೆಟ್ಟಿಗೆಯೊಳಗೆ ಒಬ್ಬ ದಣಿ ಇದ್ದ. ಓದಿದವರು ಇಂಥವನನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಊರಿಗೆ ಅವನು ದಣಿ. ಅವನ ಆಳ್ವಿಕೆಯಲ್ಲಿ ಎಲ್ಲವೂ ಸಲೀಸು. ಬೆರಳು ತೋರಿಸಿದರೆ ಬಾಗಿಲು ತೆರೆಯುತ್ತಿತ್ತು, ಎರಡು ಸಲ ತಟ್ಟಿದರೆ ಅನ್ನ ಬೇಯುತ್ತಿತ್ತು. ಒಂದೇ ತೊಂದರೆ. ದಣಿಗೆ ಆಗಾಗ ತನ್ನನ್ನು ತಾನು ಸುಧಾರಿಸಿಕೊಳ್ಳಬೇಕೆನಿಸುತ್ತಿತ್ತು. ಹಾಗನಿಸಿದಾಗ ಅವನು ಯಾರನ್ನೂ ಕೇಳುತ್ತಿರಲಿಲ್ಲ. "ದಯವಿಟ್ಟು ಕಾಯಿರಿ" ಎಂದು ತೆರೆಯ ಮೇಲೆ ಬರೆದು, ಕೆಳಗೆ ನೂರಕ್ಕೆ ಎಷ್ಟಾಯಿತೆಂದು ಒಂದು ಅಂಕಿ ಹಾಕುತ್ತಿದ್ದ. ಅಂಕಿ ನೂರು ಮುಟ್ಟುವ ತನಕ ಊರಿನಲ್ಲಿ ಒಬ್ಬರೂ ಮಿಸುಕುವಂತಿಲ್ಲ. ಕ್ಷೌರಿಕನ ಕತ್ತಿ ಕೆನ್ನೆಯ ಮೇಲೆ ನಿಲ್ಲುತ್ತಿತ್ತು. ಮದುಮಗನ ಕೈಯಲ್ಲಿ ತಾಳಿ ನಿಲ್ಲುತ್ತಿತ್ತು. ಇನ್ನೊಮ್ಮೆ ಯೋಚಿಸಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಬಯಲಿಗೆ ಹೋಗಿ ಕೂತವರು ಕೂತೇ ಇರುತ್ತಿದ್ದರು. ಕಡೆಗೆ ದಣಿ "ಎಲ್ಲ ಸಿದ್ಧ, ಕಾದದ್ದಕ್ಕೆ ವಂದನೆ" ಎನ್ನುತ್ತಿದ್ದ. ಏನು ಸುಧಾರಿಸಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಿನ್ನೆ ಎಡಕ್ಕಿದ್ದ ಬಾವಿ ಇವತ್ತು ಬಲಕ್ಕಿರುತ್ತಿತ್ತು, ಅಷ್ಟೆ.

ಎಬ್ಬಿಸುವವಳ ಗಂಡ ಊರ ಮನೆಗಳಿಗೆ ಸುಣ್ಣ ಬಳಿಯುವವನು. ಒಂದು ದಿನ ಕೆಲಸ ಮುಗಿಸಿ, ಮೈಗೆ ಹತ್ತಿದ ಸುಣ್ಣ ತೊಳೆಯಲು ಹೊಳೆಗಿಳಿದ. ಸೊಂಟದ ನೀರಿನಲ್ಲಿ ನಿಂತು ಬೆನ್ನು ಉಜ್ಜುತ್ತಿದ್ದಾಗ ದಣಿಗೆ ಸುಧಾರಿಸಬೇಕೆನಿಸಿತು. ಊರು ನಿಂತಿತು. ಹೊಳೆ ಊರಿನದಲ್ಲ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವಂಥದ್ದು, ಅದು ನಿಲ್ಲಲಿಲ್ಲ. ಮೇಲೆಲ್ಲೋ ಮಳೆಯಾಗಿತ್ತು. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ದಡದಲ್ಲಿದ್ದವರು ಕಣ್ಣು ಬಿಟ್ಟುಕೊಂಡು ನೋಡಿದರು. ಚಾವಡಿಯಲ್ಲಿ ಎಬ್ಬಿಸುವವಳು ಪೊರಕೆ ಹಿಡಿದು ನಿಂತಲ್ಲೇ ಅಂಕಿ ನೋಡುತ್ತಿದ್ದಳು. ಅದು ತೊಂಬತ್ತೊಂಬತ್ತಕ್ಕೆ ಬಂದು ಅಲ್ಲಿಯೇ ಕೂತಿತು. ಬಹಳ ಹೊತ್ತು ಕೂತಿತು. ದಣಿ ವಂದನೆ ಹೇಳಿದಾಗ ಊರೆಲ್ಲ ಒಟ್ಟಿಗೆ ಕಿರುಚಿತು. ಅಷ್ಟರಲ್ಲಿ ಹೊಳೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ಅವತ್ತಿನಿಂದ ಸೊಸೆಯ ಹತ್ತಿರ ಮಾತು ಬಿಟ್ಟಳು. ದಣಿಯನ್ನು ಬೈಯೋಣವೆಂದರೆ ಅವನಿಗೆ ಮುಖವಿಲ್ಲ, ಮನೆಯಿಲ್ಲ, ಹೋಗಿ ಉಗಿಯಲು ಒಂದು ಅಂಗಳವಿಲ್ಲ. ಸೊಸೆಗೆ ಮೂರೂ ಇದ್ದವು. "ಅವನನ್ನು ದಿನಾ ಎಬ್ಬಿಸುತ್ತಿದ್ದವಳು ಯಾರು?" ಎಂದು ಅತ್ತೆ ಗೋಡೆಯನ್ನು ಕೇಳುತ್ತಿದ್ದಳು. ಎಬ್ಬಿಸುವವಳು ಕೇಳಿಸಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು. ಮರುದಿನ ಬೆಳಿಗ್ಗೆ ಎದ್ದು ಅದೇ ಗುಂಡಿಯನ್ನು ಒತ್ತುತ್ತಿದ್ದಳು, ಒತ್ತದಿದ್ದರೆ ಊರು ಏಳುವುದಿಲ್ಲವಲ್ಲ.

ಸಭೆ ಸೇರಿತು. ಅರ್ಧ ಊರು "ದಣಿಯನ್ನು ಓಡಿಸಿ" ಎಂದಿತು. ಊರ ಯಜಮಾನ, ಮೀಸೆಗೆ ಎಣ್ಣೆ ಹಚ್ಚುವುದರಲ್ಲೇ ಅರ್ಧ ಆಯಸ್ಸು ಕಳೆದವನು, ಎದ್ದು ನಿಂತ.

"ಓಡಿಸಿದರೆ ನಮ್ಮ ಗತಿ ಏನಯ್ಯಾ? ಯಾರ ಹೊಲದ ಬದು ಎಲ್ಲಿ, ಯಾರ ಹೆಂಡತಿ ಯಾರು, ಎಲ್ಲಾ ಅವನ ಹೊಟ್ಟೇಲಿದೆ. ನಾನು ಯಜಮಾನ ಅನ್ನೋದು ಕೂಡ ಅವನ ಹೊಟ್ಟೇಲೇ ಇರೋದು."

ಎಬ್ಬಿಸುವವಳು ಮೂಲೆಯಿಂದ ಹೇಳಿದಳು: "ಓಡಿಸೋದು ಬೇಡ ಯಜಮಾನರೇ. ಇನ್ನೊಬ್ಬನನ್ನ ತಂದು ಅದೇ ಪೆಟ್ಟಿಗೇಲಿ ಮಲಗಿಸೋಣ. ಬೆಳಿಗ್ಗೆ ಬೇಕಾದವನನ್ನ ಎಬ್ಬಿಸಿದರಾಯ್ತು."

"ಒಂದು ಪೆಟ್ಟಿಗೇಲಿ ಇಬ್ಬರಾ? ಆಗುತ್ತೇನಮ್ಮಾ?"

"ಒಂದು ಮನೇಲಿ ನಾನೂ ನಮ್ಮತ್ತೆಯೂ ಇಲ್ವಾ?"

ಸಭೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಗುಡ್ಡದಾಚೆಯ ಸಂತೆಯಲ್ಲಿ ಗಡ್ಡದವರು ಕೆಲವರು ಹೊಸ ದಣಿಗಳನ್ನು ಬೆರಳುದ್ದದ ಪೆನ್ ಡ್ರೈವಿನಲ್ಲಿ ಹಾಕಿ ಪುಕ್ಕಟೆ ಹಂಚುತ್ತಿದ್ದರು. ಪುಕ್ಕಟೆಯಾದ್ದರಿಂದ ಉಪದೇಶ ಜಾಸ್ತಿ. ಒಬ್ಬ ಕೊಟ್ಟದ್ದನ್ನು ಇನ್ನೊಬ್ಬ ಕಿತ್ತುಕೊಂಡು "ಅದು ಸುಳ್ಳು, ಇದು ನಿಜ" ಎನ್ನುತ್ತಿದ್ದ. ಎರಡೂ ಒಂದೇ ಥರ ಕಾಣುತ್ತಿದ್ದವು. ಎಬ್ಬಿಸುವವಳು ಎಲ್ಲರಿಗಿಂತ ಕಡಿಮೆ ಕಿರುಚುತ್ತಿದ್ದವನ ಹತ್ತಿರ ಒಂದನ್ನು ಇಸಿದುಕೊಂಡಳು. ಅದರೊಳಗಿದ್ದವನ ಹೆಸರು ಅಜ್ಜ.

ಅಜ್ಜನಿಗೆ ಜಾಗ ಬೇಕು. ಪೆಟ್ಟಿಗೆಯ ತುಂಬ ದಣಿ ಕೈಕಾಲು ಚಾಚಿ ಮಲಗಿದ್ದ. ಅವನನ್ನು ಒಂದು ಪಕ್ಕಕ್ಕೆ ಸರಿಸಿ, ನಡುವೆ ಗೆರೆ ಎಳೆಯಬೇಕು. ಗೆರೆ ತಪ್ಪಿದರೆ ಊರಿನ ನೆನಪೆಲ್ಲ ಅಳಿಸಿಹೋಗುತ್ತದೆ. ಮರೆಯಬಾರದ್ದನ್ನು ಯಾರ ಹತ್ತಿರವಾದರೂ ನಕಲು ಇಟ್ಟುಕೊಳ್ಳಿ ಎಂದು ಅವಳು ಮೊದಲೇ ಸಾರಿದಳು. ಜನ ಪಕ್ಕದ ಮನೆಯವರ ಕಿವಿಯಲ್ಲಿ ತಮ್ಮದನ್ನು ಹೇಳಿಟ್ಟರು. ಹೀಗೆ ಊರಿನ ಗುಟ್ಟುಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಯಲಾದವು. ಆಮೇಲೆ, ಗೆರೆ ತಪ್ಪಿಹೋಗಲಿ ಎಂದು ಎಷ್ಟೋ ಜನ ಹರಕೆ ಹೊತ್ತರು.

ದಣಿ ಮಲಗಿದಂತೆ ಕಾಣುತ್ತಿದ್ದ. ಆದರೆ ಬೇಗ ಏಳುವ ಆಸೆಗೆ ಅವನು ಅರೆನಿದ್ದೆಯಲ್ಲೇ ಇರುವವನು. ಆ ಸ್ಥಿತಿಯಲ್ಲಿ ಚಾಪೆ ಎಳೆದರೆ ಹುಚ್ಚು ಹಿಡಿದು ಏಳುತ್ತಾನೆ. ಅವಳು ಅವನನ್ನು ಪೂರ್ತಿ ನಿದ್ದೆಗೆ ಹಾಕಿದಳು, ಪಕ್ಕಕ್ಕೆ ಸರಿಸಿದಳು, ಗೆರೆ ಎಳೆದಳು, ಅಜ್ಜನನ್ನು ಇಳಿಸಿದಳು. ಗೆರೆ ತಪ್ಪಲಿಲ್ಲ. ಅಜ್ಜ ಬರುವಾಗ ಒಂದು ಹೊಸ್ತಿಲನ್ನೂ ತಂದು ಕೂರಿಸಿದ. ಅಂದಿನಿಂದ ಗುಂಡಿ ಒತ್ತಿದ ಕೂಡಲೆ ಕಪ್ಪು ತೆರೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಯಾರು ಏಳಲಿ? ಕೆಳಗೆ ಎರಡು ಹೆಸರು: ದಣಿ, ಅಜ್ಜ. ಹತ್ತರಿಂದ ಅಂಕಿ ಇಳಿಯುತ್ತಿತ್ತು. ಅಷ್ಟರೊಳಗೆ ಉತ್ತರ ಕೊಡದಿದ್ದರೆ ಮೇಲಿನ ಹೆಸರಿನವನು ತಾನಾಗಿ ಏಳುತ್ತಿದ್ದ.

ಮರುದಿನ ಅವಳು ಅಜ್ಜನನ್ನು ಎಬ್ಬಿಸಿದಳು.

ಅಜ್ಜನ ಊರಿನಲ್ಲಿ ಬೆರಳು ತೋರಿಸಿದರೆ ಏನೂ ಆಗುತ್ತಿರಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟು, ಅಕ್ಷರ ತಪ್ಪದೆ ಕೇಳಬೇಕು. "ಬಾಗಿಲು ತೆರೆ" ಅಂದರೆ ತೆರೆಯುತ್ತಿತ್ತು. "ಬಾಗ್ಲು ತೆಗಿ" ಅಂದರೆ "ಬಾಗ್ಲು ಎಂಬುದು ಇಲ್ಲಿ ಇಲ್ಲ" ಎಂದು ಬಾಗಿಲೇ ಹೇಳುತ್ತಿತ್ತು. ಚಹಾ ಕೇಳಿದರೆ ಮೊದಲು ಒಲೆ ತಾ ಎನ್ನುತ್ತಿತ್ತು, ಒಲೆ ತಂದರೆ ಸೌದೆ ತಾ, ಸೌದೆ ತಂದರೆ ಇದು ಈ ಒಲೆಗೆ ಹೊಂದುವ ಸೌದೆಯಲ್ಲ. ದೊಡ್ಡ ಕೆಲಸವಾದರೆ ಮುಂಚೆ "ನಮ್ಮಪ್ಪನಾಣೆ" ಅನ್ನಬೇಕು. ಅಂದರೆ ಸಾಕು, ಗೋಡೆ ಕೂಡ ಪಕ್ಕಕ್ಕೆ ಸರಿಯುತ್ತಿತ್ತು. ಅಜ್ಜ ಮತ್ತು ದಣಿಗೆ ಹೊತ್ತಿನ ಲೆಕ್ಕದಲ್ಲೂ ಹೊಂದಿಕೆಯಿರಲಿಲ್ಲ. ದಣಿಯ ಮರುದಿನ ಅಜ್ಜ ಎದ್ದರೆ ಗಡಿಯಾರ ಎಲ್ಲಿಗೋ ಓಡಿಹೋಗಿ, ಜನ ಹಲ್ಲುಜ್ಜುವ ಹೊತ್ತಿಗೆ ಊಟಕ್ಕೆ ಕೂರುತ್ತಿದ್ದರು. ಆದರೆ ಅಜ್ಜ ಯಾರನ್ನೂ ನಡುವೆ ನಿಲ್ಲಿಸುತ್ತಿರಲಿಲ್ಲ. ಜನ ಹೊಳೆಗಿಳಿದರೆ ಹೊಳೆಯಿಂದ ಎದ್ದು ಬರುತ್ತಿದ್ದರು.

ಇನ್ನೊಂದು ವಿಷಯ ಯಾರೂ ಎಣಿಸಿರಲಿಲ್ಲ. ದಣಿಯ ಪಾಲಿನಲ್ಲಿದ್ದದ್ದು ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಹೆಸರು, ಕಸುಬು, ಹೆತ್ತ ಮಕ್ಕಳು ಮೈಯಲ್ಲೇ ಇರುವಂಥವು, ಅವು ಉಳಿದವು. ಮುನಿಸು, ಜಗಳ, ಸಾವು, ಯಜಮಾನಿಕೆ ಎಲ್ಲ ಗೆರೆಯ ಆಚೆ ಉಳಿದವು. ಗಂಡಹೆಂಡಿರು ಹೊಸದಾಗಿ ಪರಿಚಯ ಮಾಡಿಕೊಂಡರು, ಕೆಲವರಿಗೆ ಪರಿಚಯವೇ ಸಾಕೆನಿಸಿತು. ಯಜಮಾನ ಮೀಸೆ ತಿರುವುತ್ತ ಬಾವಿಗೆ ಬಂದಾಗ "ಯಾರಯ್ಯಾ ನೀನು, ಸಾಲಲ್ಲಿ ನಿಲ್ಲು" ಎಂದರು. ಎರಡೂ ಬೆಳಗನ್ನು ನೆನಪಿಟ್ಟುಕೊಂಡವಳು ಹೊಸ್ತಿಲ ಮೇಲೆ ನಿಲ್ಲುತ್ತಿದ್ದ ಎಬ್ಬಿಸುವವಳೊಬ್ಬಳೇ.

ಅವತ್ತು ಅವಳು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಮಗ ಕಟ್ಟಿಕೊಂಡವಳು ನೀನೇ ಏನೇ? ಪರವಾಗಿಲ್ಲ, ಅವನಿಗೂ ಕಣ್ಣಿದೆ. ಬಾ, ಕೂತ್ಕೋ. ಯಾಕೆ ಹೀಗೆ ಕಡ್ಡಿಯಾಗಿದ್ದೀಯ? ಇಲ್ಲಿರೋ ಅತ್ತೆ ಅನ್ನೋಳು ಊಟ ಹಾಕಲ್ವಾ?"

ಎಬ್ಬಿಸುವವಳು ಹೊಸ್ತಿಲಲ್ಲೇ ಕುಸಿದು ಅತ್ತಳು. ಅತ್ತೆ ಸೆರಗಿನಿಂದ ಅವಳ ಮೂಗು ಒರೆಸಿ, ಮೂರು ಎಲೆ ಹಾಕಿದಳು. ಮೂರನೆಯದು ಮಗನಿಗೆ.

"ಯಾವಾಗ ಬರ್ತಾನೆ ಅವನು?"

"ಗೊತ್ತಿಲ್ಲ ಅತ್ತೆ."

ಸುಳ್ಳಲ್ಲ. ನಿಜವೂ ಅಲ್ಲ. ಅನ್ನ ಆರಿದ ಮೇಲೆ ಅತ್ತೆ ಮೂರನೆಯ ಎಲೆಯದನ್ನೂ ಸೊಸೆಗೇ ಬಡಿಸಿದಳು.

ಮರುದಿನವೂ ಎಬ್ಬಿಸುವವಳು ಅಜ್ಜನನ್ನೇ ಎಬ್ಬಿಸಿದಳು. ಅದರ ಮರುದಿನವೂ. ದಣಿಯ ಕಡೆಯವರಿಗೆ ಅನುಮಾನ ಬರಬಾರದೆಂದು ಆಗೊಮ್ಮೆ ಈಗೊಮ್ಮೆ ದಣಿಯನ್ನು ಎಬ್ಬಿಸುತ್ತಿದ್ದಳು. ಅವತ್ತು ಅತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅಜ್ಜನ ದಿನ ಅದೇ ಅತ್ತೆ ಅವಳ ತಲೆಗೆ ಎಣ್ಣೆ ತಟ್ಟುತ್ತ, ಪಕ್ಕದ ಮನೆಯವಳ ನಡತೆಯ ಬಗ್ಗೆ ಹೇಳಬಾರದ್ದನ್ನೆಲ್ಲ ಹೇಳಿ ನಗಿಸುತ್ತಿದ್ದಳು. ಮೂರನೆಯ ಎಲೆ ದಿನಾ ಬೀಳುತ್ತಿತ್ತು. ಎಬ್ಬಿಸುವವಳು ದಪ್ಪಗಾದಳು. ರುಚಿಯಿಂದ ತಿನ್ನುತ್ತಿದ್ದಳು, ತಿಂದಮೇಲೆ ಹಿತ್ತಲಿಗೆ ಹೋಗಿ ನಿಂತು ಕೈ ತೊಳೆಯುವುದನ್ನು ಮರೆಯುತ್ತಿದ್ದಳು.

ಹೀಗೇ ನಡೆಯುತ್ತಿತ್ತೇನೋ. ಆದರೆ ಅತ್ತೆ ಒಂದು ಮಧ್ಯಾಹ್ನ ಊರು ಸುತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊರಿನ ಗೋಡೆಗಳೆಲ್ಲ ಹಪ್ಪಳದ ಹಾಗೆ ಎದ್ದಿವೆ. ಒಂದು ಮನೆಯೂ ಸುಣ್ಣ ಕಂಡಿಲ್ಲ. ನನ್ನ ಮಗ ದಿನಾ ಏನು ಬಳೀತಿದ್ದಾನೆ?" ಅವಳು ಸೊಸೆಯ ಎದುರು ಕೂತಳು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು. "ನನ್ನ ಮಗ ಬದುಕಿದ್ದಾನೆಯೇ?"

ಅಜ್ಜನ ಊರಿನಲ್ಲಿ ಸರಿಯಾಗಿ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲೇಬೇಕು.

"ಇಲ್ಲ," ಎಂದಿತು ಎಬ್ಬಿಸುವವಳ ಬಾಯಿ.

ಅತ್ತೆ ಕೂಗಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿದಳು, ಎಬ್ಬಿಸುವವಳು ಒಂದೊಂದಾಗಿ ಹೇಳಿದಳು. ಹೊಳೆ. ಸುಣ್ಣ. ನಿಂತ ಊರು. ನಿಲ್ಲದ ನೀರು. ಒಂದೇ ಪೆಟ್ಟಿಗೆಯ ಎರಡು ಬೆಳಗು.

"ನೀನೆಲ್ಲಿದ್ದೆ?"

"ಚಾವಡೀಲಿ. ಪೊರಕೆ ಹಿಡ್ಕೊಂಡು ನಿಂತಿದ್ದೆ. ಕಣ್ಣು ಬಿಟ್ಟರೆ ಏನೂ ಆಡ್ತಿರಲಿಲ್ಲ ಅತ್ತೆ."

"ನಾನು?"

ಎಬ್ಬಿಸುವವಳು ತುಟಿ ಕಚ್ಚಿಕೊಂಡಳು. ಆದರೆ ಪ್ರಶ್ನೆ ಸರಿಯಾಗಿತ್ತು.

"ನೀವು ದಡದಲ್ಲಿದ್ದಿರಿ. ಎಲ್ಲರಿಗಿಂತ ಹತ್ತಿರ. ಅವರಿಗೆ ಟವೆಲ್ ಕೊಡೋಕೆ ಕೈ ಚಾಚಿದ್ದಿರಿ. ಹಾಗೇ ನಿಂತುಬಿಟ್ಟಿರಿ."

ಆಗ ಅತ್ತೆ ಕೂಗಿದಳು. ಎಬ್ಬಿಸುವವಳು ಅವಳನ್ನು ತಬ್ಬಿ ಹಿಡಿದಳು. ಸಂಜೆಯಾಗುವ ತನಕ ಇಬ್ಬರೂ ಹಾಗೇ ಇದ್ದರು. ಕಡೆಗೆ ಅತ್ತೆ ಮುಖ ಒರೆಸಿಕೊಂಡು ಕೇಳಿದಳು: "ಆ ಇನ್ನೊಂದು ಬೆಳಗಲ್ಲಿ ನಾನು ಹೇಗಿದ್ದೀನಿ?"

"ನನ್ನ ಹತ್ತಿರ ಮಾತಾಡಲ್ಲ. ನಾನು ಅವರನ್ನ ಕೊಂದೆ ಅಂತ."

"ಅಷ್ಟು ದಡ್ಡಳಾ ನಾನು ಆ ಕಡೆ?" ಅತ್ತೆ ಮೂಗು ಸೇದಿದಳು. "ಅವಳಿಗೆ ಗೊತ್ತು ಕಣೇ. ತಾನು ಕೈ ಚಾಚಿದ್ದು, ಮುಟ್ಟದೇ ಹೋಗಿದ್ದು. ಅದನ್ನ ನೋಡೋಕಾಗದೆ ನಿನ್ನ ನೋಡ್ತಾಳೆ. ನಾನು ಅವಳ ಹತ್ತಿರ ಮಾತಾಡಬೇಕು. ದಾರಿ ಇದೆಯಾ?"

ದಾರಿ ಇತ್ತು. ದಣಿಯ ಪಾಲಿಗೂ ಅಜ್ಜನ ಪಾಲಿಗೂ ನಡುವೆ, ಇಬ್ಬರೂ ಓದಬಲ್ಲ ಒಂದು ತುಂಡು ಜಾಗ ಬಿಡಬಹುದು ಎಂದು ಸಂತೆಯ ಗಡ್ಡದವನು ಹೇಳಿದ್ದ. ಎಬ್ಬಿಸುವವಳು "ನಮ್ಮಪ್ಪನಾಣೆ" ಎಂದು ಅಜ್ಜನ ಪಾಲಿನಿಂದ ಒಂದು ತುಂಡು ಕತ್ತರಿಸಿದಳು. ಅದು ಅವರ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿಗೂ ನುಗ್ಗೆಮರಕ್ಕೂ ನಡುವೆ ಬಂದು ಬಿತ್ತು. ಅಲ್ಲಿ ಆಡಿದ ಮಾತು ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ತೂಗುತ್ತ ಉಳಿಯುತ್ತಿತ್ತು. ಯಾರು ಎದ್ದ ದಿನವಾದರೂ ಕೇಳಿಸುತ್ತಿತ್ತು.

ಅತ್ತೆ ಅಲ್ಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಶುರುಮಾಡಿದಳು.

ಮರುದಿನ ದಣಿಯ ದಿನ. ಮುನಿದ ಅತ್ತೆ ನುಗ್ಗೆಸೊಪ್ಪು ಕೀಳಲು ಹಿತ್ತಲಿಗೆ ಹೋದಳು. ಗಾಳಿಯಲ್ಲಿ ತನ್ನದೇ ದನಿ ಕಿರುಚಿತು: "ಬಂದೆಯಾ ಮುದಿಗೂಬೆ? ಸೊಸೆ ಮೇಲೆ ಹಾಕಿ ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ? ಟವೆಲ್ ಹಿಡ್ಕೊಂಡು ನಿಂತೋಳು ಯಾರು? ನಾನು! ಅಂದರೆ ನೀನು!"

ಸೊಪ್ಪು ಕೈಯಿಂದ ಬಿತ್ತು. ಅತ್ತೆ ಸೆರಗು ಸಿಕ್ಕಿಸಿ ಅದಕ್ಕಿಂತ ಜೋರಾಗಿ ತಿರುಗಿಸಿ ಕೊಟ್ಟಳು. "ಯಾವಳೇ ಅದು ನನ್ನ ಗಂಟಲು ಕದ್ದೋಳು? ನಿನ್ನೆ ಮೊನ್ನೆ ಹುಟ್ಟಿದೋಳು ನನಗೆ ಬುದ್ಧಿ ಹೇಳ್ತೀಯಾ? ಅವನು ಸತ್ತ ಮೇಲೆ ಇಷ್ಟು ದಿನ ನಾನು ಹೇಗೆ ಬದುಕಿದೆ ಅಂತ ನಿನಗೇನೇ ಗೊತ್ತು?"

ಹೀಗೆ ದಿನಕ್ಕೊಬ್ಬಳಂತೆ ಒಬ್ಬಳೇ ಮುದುಕಿ ತನ್ನ ಜೊತೆ ತಾನೇ ಜಗಳವಾಡಿದಳು. ಕೇಳಲು ಊರೇ ಬೇಲಿಯ ಮೇಲೆ ಹತ್ತಿತು. ಅಂಥ ಬೈಗುಳ ಇಬ್ಬರೂ ದಣಿಗಳ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ತಾಯಂದಿರು ಮಕ್ಕಳ ಕಿವಿ ಮುಚ್ಚಿ ತಮ್ಮ ಕಿವಿ ತೆರೆದಿಟ್ಟುಕೊಂಡರು. ದಿನ ಕಳೆದಂತೆ ಬೈಗುಳದ ನಡುವೆ ಬೇರೆ ಮಾತೂ ಸೇರಿತು. "ಅವನು ಚಿಕ್ಕವನಿದ್ದಾಗ ಸುಣ್ಣ ನೆಕ್ಕಿ ನಾಲಿಗೆ ಸುಟ್ಟುಕೊಂಡಿದ್ದ, ನೆನಪಿದೆಯೇನೇ?" ಎಂದು ಒಬ್ಬಳು. "ನೆನಪಿಲ್ಲದೆ? ನಾನೇ ತುಪ್ಪ ಸವರಿದ್ದು" ಎಂದು ಮರುದಿನ ಇನ್ನೊಬ್ಬಳು. ಎಬ್ಬಿಸುವವಳು ಅಡುಗೆಮನೆಯ ಕಿಟಕಿಯಿಂದ ಇಬ್ಬರನ್ನೂ ಕೇಳಿಸಿಕೊಳ್ಳುತ್ತಿದ್ದಳು. ದಣಿಯ ದಿನದ ಅತ್ತೆ ಅವಳೊಂದಿಗೆ ಮಾತ್ರ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ದಣಿಗೆ ಒಂದು ದೊಡ್ಡ ಸುಧಾರಣೆ ಬಂತು. ಅಂಥದ್ದು ಹಿಂದೆ ಬಂದಿರಲಿಲ್ಲ. ಅದು ಮುಗಿದ ಮರುಬೆಳಿಗ್ಗೆ ಎಬ್ಬಿಸುವವಳು ಗುಂಡಿ ಒತ್ತಿದರೆ ಹೊಸ್ತಿಲೇ ಇಲ್ಲ. ಯಾರು ಏಳಲಿ ಎಂದು ಕೇಳುವವರೇ ಇಲ್ಲ. ಲೋಕದಲ್ಲಿ ತಾನೊಬ್ಬನೇ ಇರುವವನಂತೆ ದಣಿ ನೇರವಾಗಿ ಎದ್ದು ಕೂತ. ಯಜಮಾನ ಖುಷಿಯಿಂದ ಊರಿಗೆಲ್ಲ ಬೆಲ್ಲ ಹಂಚಿ, "ಇನ್ನು ಪೆಟ್ಟಿಗೆಯನ್ನ ಯಾರೂ ಮುಟ್ಟಕೂಡದು" ಎಂದು ಸಾರಿಸಿದ.

ಅತ್ತೆ ಹಿತ್ತಲಿಗೆ ಹೋದಳು. ತಾನು ನಿನ್ನೆ ಬೈದದ್ದು ಹಾಗೇ ತೂಗುತ್ತಿತ್ತು. ಉತ್ತರವಿರಲಿಲ್ಲ. ಮರುದಿನ ಹೋದಳು. ಬೈಗುಳಕ್ಕೆ ಇನ್ನೊಂದಿಷ್ಟು ಮಸಾಲೆ ಸೇರಿಸಿದಳು. ಉತ್ತರವಿಲ್ಲ. ಮತ್ತೆ ಹೋದಳು. ಒಗೆಯುವ ಕಲ್ಲಿನ ಮೇಲೆ ಕೂತು ಸಂಜೆ ತನಕ ಕಾದಳು. ಎದ್ದು ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಎಲ್ಲಿ ಹೋದಳು ಅವಳು?"

ಎಬ್ಬಿಸುವವಳ ಕೈಯಲ್ಲಿದ್ದ ಸೌಟು ಸಾರಿನೊಳಗೆ ಮುಳುಗಿತು. ದಣಿಯ ದಿನದಲ್ಲಿ ಆ ದನಿ ತನ್ನ ಕಡೆಗೆ ತಿರುಗಿ ಎಷ್ಟೋ ಕಾಲವಾಗಿತ್ತು.

"ಯಾರು ಅತ್ತೆ?"

"ಅದೇ, ಆ ಬಾಯಿಬಡಕಿ. ನಾನು. ಸತ್ತಳಾ?"

"ಇಲ್ಲ. ಒಳಗೇ ಇದ್ದಾರೆ. ಬಾಗಿಲು ಮುಚ್ಚಿದೆ."

"ಮುಚ್ಚಿದ್ದರೆ ತೆಗಿ."

"ಯಜಮಾನರು ಮುಟ್ಟಬೇಡ ಅಂದಿದ್ದಾರೆ."

ಅತ್ತೆ ಸೆರಗು ಸಿಕ್ಕಿಸಿದಳು. ಎಬ್ಬಿಸುವವಳು ಪೆನ್ ಡ್ರೈವ್ ಹುಡುಕಿಕೊಂಡು ಹಿಂದೆಯೇ ಓಡಿದಳು. ಚಾವಡಿಯ ಮೆಟ್ಟಿಲಲ್ಲಿ ಯಜಮಾನ ಕೈ ಅಡ್ಡ ಹಿಡಿದ.

"ಇದು ಊರಿನ ವಿಷಯ ಅಜ್ಜೀ."

"ನಿನ್ನ ಅಂಡು ತೊಳೆದವಳು ನಾನು. ಅದೂ ಊರಿನ ವಿಷಯಾನೇ. ಬೇಲಿ ಮೇಲೆ ಹತ್ತಿ ಎಲ್ಲರಿಗೂ ಹೇಳ್ಲಾ, ಎಷ್ಟು ವಯಸ್ಸಿನ ತನಕ ತೊಳೆದೆ ಅಂತ?"

ಯಜಮಾನ ಸರಿದು ನಿಂತ. ಮೀಸೆ ಕೆಳಗೆ ಬಿದ್ದಿತ್ತು.

ಕೆಲಸಕ್ಕೆ ಪೆಟ್ಟಿಗೆ ಆರಿಸಬೇಕು. ಆರಿಸಿದೊಡನೆ ಊರು ಹಾಡಹಗಲಲ್ಲಿ ಇದ್ದಲ್ಲೇ ಮಲಗಿತು. ಯಜಮಾನ ಮೆಟ್ಟಿಲ ಮೇಲೆ ಮಲಗಿದ. ಅತ್ತೆ ಸೊಂಟ ಹಿಡಿದುಕೊಂಡು ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಒರಗಿದಳು, ಒಂದು ಕಣ್ಣು ತೆರೆದುಕೊಂಡು. ಎಬ್ಬಿಸುವವಳು ಪೆನ್ ಡ್ರೈವ್ ಚುಚ್ಚಿ, ಒಳಗೆ ಯಾರನ್ನೂ ಎಬ್ಬಿಸದೆ, ಹೊರಗಿನಿಂದಲೇ ಹೊಸ್ತಿಲನ್ನು ಮತ್ತೆ ಕೂರಿಸಿದಳು. ಒಮ್ಮೆ ತಪ್ಪಿತು, ಇನ್ನೊಮ್ಮೆ ಮಾಡಿದಳು. ಗುಂಡಿ ಒತ್ತಿದಳು. ಕಪ್ಪು ತೆರೆಯ ಮೇಲೆ ಅಕ್ಷರ ಮೂಡಿತು. ಯಾರು ಏಳಲಿ? ಅಂಕಿ ಇಳಿಯತೊಡಗಿತು.

"ಅತ್ತೆ, ಯಾರನ್ನ ಎಬ್ಬಿಸಲಿ?"

ಯಾವ ಬೆಳಗಿಗೂ ಇನ್ನೂ ಸೇರದ ಅತ್ತೆ ಮಲಗಿದಲ್ಲಿಂದಲೇ ಹೇಳಿದಳು: "ಯಾರನ್ನಾದರೂ ಎಬ್ಬಿಸು ಕಣೇ. ಏಳೋಳು ನಾನೇ ತಾನೇ."

ಎಬ್ಬಿಸುವವಳು ದಣಿಯ ಹೆಸರಿನ ಮೇಲೆ ಬೆರಳಿಟ್ಟಳು.

ಪೆಟ್ಟಿಗೆ ಗುರ್ರೆಂದಿತು. ಅತ್ತೆ ಎದ್ದು ಕೂತಳು. ಸೊಸೆಯ ಮುಖವನ್ನು ತುಂಬ ಹೊತ್ತು ನೋಡಿದಳು, ಗೋಡೆಯ ಕಡೆ ತಿರುಗಲಿಲ್ಲ. ಹೊರಗೆ ಊರೆಲ್ಲ ಬಿದ್ದುಕೊಂಡು ಕೂಗಿಗಾಗಿ ಕಿವಿ ನಿಮಿರಿಸಿತ್ತು. ಎಬ್ಬಿಸುವವಳು ಬಾಗಿಲಿಗೆ ಹೋಗಿ ಬಾಯಿ ತೆರೆದಳು.

"ತಡಿಯೇ," ಎಂದಳು ಅತ್ತೆ. "ಈಗಲೇ ಕೂಗಬೇಡ. ಹೊಳೆ ತನಕ ಹೋಗಿ ಬರೋಣ. ಅವತ್ತಿನಿಂದ ನಾನು ಆ ಕಡೆ ಹೋಗಿಲ್ಲ."

"ನಾನೂ ಹೋಗಿಲ್ಲ."

"ಅಜ್ಜೀ, ಏಳಬಹುದಾ?" ಎಂದು ಮೆಟ್ಟಿಲ ಮೇಲಿಂದ ಯಜಮಾನ ಕೇಳಿದ.

"ಬಿದ್ದಿರು," ಎಂದು ಅತ್ತೆ ಅವನನ್ನು ದಾಟಿಕೊಂಡು ಇಳಿದಳು.

ಇಬ್ಬರೂ ಬೀದಿಯಲ್ಲಿ ಮಲಗಿದ್ದವರ ಕೈಕಾಲು ತುಳಿಯದಂತೆ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಹೊಳೆಯ ಕಡೆಗೆ ನಡೆದರು. ಅವಸರ ಮಾಡಲಿಲ್ಲ. ಊರು ಕಾಯುತ್ತಿತ್ತು.